ವಿಶ್ವವಿದ್ಯಾಲಯದ ಜಾಲತಾಣ ಕಿವಿಗೆ ದಕ್ಕಿದ ಚರಿತ್ರೆ

ಬೆಳ್ತಂಗಡಿ ಪೇಟೆಗೆ ಒತ್ತಿಕೊಂಡೇ ಇರುವ ಲಾಯಿಲದಿಂದ ಮಂಗಳೂರು ವಿಶ್ವವಿದ್ಯಾಲಯವಿರುವ ಕೊಣಾಜೆಗೆ ಹೆಚ್ಚುಕಡಿಮೆ ಅರವತ್ತು ಕಿಲೋಮೀಟರ್ ದಾರಿ. 1980ರಲ್ಲಿ ವಿಶ್ವವಿದ್ಯಾಲಯ ಹುಟ್ಟಿದ ಮೇಲೂ ಬಹಳ ವರ್ಷ ಒಂದು ಅಂಕಪಟ್ಟಿಯ ತಿದ್ದುಪಡಿಗೋ ಪಠ್ಯಕ್ರಮದ ಪ್ರತಿಗೋ ಈ ದಾರಿಯನ್ನು ಬಸ್ಸಿನಲ್ಲೇ ಸವೆಸಬೇಕಿತ್ತು. ಈಗ ಪ್ರವೇಶದ ಅರ್ಜಿ, ಪರೀಕ್ಷಾ ಶುಲ್ಕ, ಹಾಲ್ ಟಿಕೆಟ್, ಫಲಿತಾಂಶ ಎಲ್ಲವೂ ಜಾಲತಾಣದಲ್ಲೇ ನಡೆಯುತ್ತವೆ. 2021ರಿಂದ ರಾಜ್ಯದ ಸರಕಾರಿ ವಿಶ್ವವಿದ್ಯಾಲಯಗಳ ಪದವಿ ವಿದ್ಯಾರ್ಥಿಗಳಿಗೆ ಯುಯುಸಿಎಂಎಸ್ ಎಂಬ ಒಂದೇ ಸಾಮಾನ್ಯ ವ್ಯವಸ್ಥೆಯೂ ಬಂತು. ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ಬೆರಳು ಹತೋಟಿಯಲ್ಲಿಲ್ಲದವರಿಗೆ ಈ ಬದಲಾವಣೆಯಿಂದ ಸಿಕ್ಕಿದ್ದೆಷ್ಟು, ಸಿಗದೆ ಉಳಿದದ್ದೆಷ್ಟು ಎಂಬುದಕ್ಕೆ ಕನ್ನಡದಲ್ಲಿ ತನ್ನದೇ ಆದ ಚರಿತ್ರೆ ಇದೆ. ಬೇರೆ ದೇಶಗಳಲ್ಲಿ ಅದು ಮುಖ್ಯವಾಗಿ ಪುಟವಿನ್ಯಾಸದ ಮತ್ತು ಕಾನೂನಿನ ಚರಿತ್ರೆ. ಕನ್ನಡದಲ್ಲಿ ಅದಕ್ಕೂ ಹಿಂದೆ ಅಕ್ಷರದ ಚರಿತ್ರೆಯೊಂದು ನಿಂತಿದೆ. ಕನ್ನಡದ ಅಕ್ಷರವನ್ನು ಕಂಪ್ಯೂಟರಿನೊಳಗೆ ಯಾವ ರೂಪದಲ್ಲಿ ಇಟ್ಟರು ಎಂಬುದೇ ಅದು ಯಾರಿಗೆ ದಕ್ಕುತ್ತದೆ ಎಂಬುದನ್ನು ಎರಡು ದಶಕಗಳ ಕಾಲ ತೀರ್ಮಾನಿಸಿತು.

ದೃಷ್ಟಿಯಿಲ್ಲದ ವಿದ್ಯಾರ್ಥಿ ಜಾಲತಾಣವನ್ನು ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ಮೂಲಕ. ಪರದೆಯಲ್ಲಿರುವ ಪಠ್ಯವನ್ನು ಅದು ಎತ್ತಿಕೊಂಡು, ಉಚ್ಚಾರಣೆಯ ಯಂತ್ರಕ್ಕೆ ಒಪ್ಪಿಸಿ, ಧ್ವನಿಯಾಗಿ ಕೇಳಿಸುತ್ತದೆ. ಬ್ರೈಲ್ ಫಲಕವಿದ್ದರೆ ಚುಕ್ಕಿಗಳಾಗಿ ಬೆರಳಿಗೆ ಮುಟ್ಟಿಸುತ್ತದೆ. ಬಳಸುವವರು ಮೌಸ್ ಮುಟ್ಟುವುದಿಲ್ಲ. ಒಂದು ಕೀಲಿ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ, ಇನ್ನೊಂದು ಒತ್ತಿ ಕೊಂಡಿಯಿಂದ ಕೊಂಡಿಗೆ ಜಿಗಿಯುತ್ತಾ ಹೋಗುತ್ತಾರೆ. ಆದ್ದರಿಂದ ಪುಟವನ್ನು ಕಟ್ಟಿದವರು ಶೀರ್ಷಿಕೆಯನ್ನು ದಪ್ಪಕ್ಷರ ಮಾಡಿಟ್ಟರೆ ಸಾಲದು, ಇದು ಶೀರ್ಷಿಕೆ ಎಂದು ಸಂಕೇತದಲ್ಲೇ ಬರೆದಿರಬೇಕು. ಚಿತ್ರಕ್ಕೆ ಬದಲಿ ವಿವರಣೆ ಬೇಕು. ಅರ್ಜಿಯ ಪ್ರತಿಯೊಂದು ಚೌಕಕ್ಕೂ ಅದು ಕೇಳುತ್ತಿರುವುದು ಹೆಸರನ್ನೋ ಜನ್ಮದಿನಾಂಕವನ್ನೋ ಎಂಬುದು ಅಂಟಿಕೊಂಡಿರಬೇಕು. ಪುಟ ಯಾವ ಭಾಷೆಯದು ಎಂದು ಮೊದಲ ಸಾಲಿನಲ್ಲೇ ಹೇಳಿರಬೇಕು. ಇಂಗ್ಲಿಷ್ ಎಂದು ನಮೂದಾದ ಪುಟದಲ್ಲಿ ಕನ್ನಡವಿದ್ದರೆ ಇಂಗ್ಲಿಷ್ ಧ್ವನಿ ಅದನ್ನು ಹಾರಿಸಿಬಿಡಬಹುದು ಅಥವಾ ಗೊಣಗಬಹುದು. ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಪಠ್ಯ ಪಠ್ಯವಾಗಿಯೇ ಇರುವುದು. ಕನ್ನಡ ಎಡವಿದ್ದು ಇಲ್ಲೇ.

ಕಂಪ್ಯೂಟರಿಗೆ ಮುಂಚಿನ ಕಥೆ ಚುಕ್ಕಿಗಳದ್ದು. ಮೈಸೂರಿನಲ್ಲಿ ಎಂ. ಶ್ರೀನಿವಾಸರಾವ್ ಅವರು 1901ರಲ್ಲಿ ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ತೆರೆದರು. ಆಗ ಭಾರತದಲ್ಲಿ ಬ್ರೈಲ್‌ಗೆ ಒಂದೇ ಕ್ರಮವಿರಲಿಲ್ಲ; ಒಂದೊಂದು ಪ್ರಾಂತ್ಯದ ಶಾಲೆ ಒಂದೊಂದು ಪದ್ಧತಿಯನ್ನು ಹಿಡಿದಿತ್ತು. 1951ರಲ್ಲಿ ಯುನೆಸ್ಕೊ ಮುಂದಾಳತ್ವದಲ್ಲಿ ನಡೆದ ಚರ್ಚೆಗಳ ಬಳಿಕ ಭಾರತಿ ಬ್ರೈಲ್ ರೂಪುಗೊಂಡಿತು. ಇದರ ತತ್ವ ಸರಳವೂ ದೂರದೃಷ್ಟಿಯದ್ದೂ ಆಗಿತ್ತು: ಲಿಪಿಯ ಆಕಾರವನ್ನು ಬಿಟ್ಟು ಧ್ವನಿಯನ್ನು ಹಿಡಿಯುವುದು. ಕನ್ನಡದ ಕ, ಹಿಂದಿಯ ಕ, ಇಂಗ್ಲಿಷಿನ ಕೆ ಮೂರಕ್ಕೂ 1 ಮತ್ತು 3ನೇ ಚುಕ್ಕಿಗಳೇ. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳಿಗೆ ಬೇರೆ ಆಕಾರಗಳಿಲ್ಲ. ‘ಕಿ’ ಬರೆಯಬೇಕಾದರೆ ಕ ಬರೆದು ಪಕ್ಕದಲ್ಲಿ ಇ ಬರೆಯುವುದು. ವ್ಯಂಜನದೊಳಗಿನ ಅಕಾರವನ್ನು ತೆಗೆಯಬೇಕಾದರೆ ಅದಕ್ಕೂ ಮೊದಲು 4ನೇ ಚುಕ್ಕಿ ಇಡುವುದು. ಕಣ್ಣಿಗೆ ಮೇಲೆ ಕೆಳಗೆ ಹರಡಿ ಕಾಣುವ ಕನ್ನಡ ಇಲ್ಲಿ ಒಂದೇ ಸಾಲಿನಲ್ಲಿ, ಉಚ್ಚಾರದ ಅನುಕ್ರಮದಲ್ಲಿ ಓಡುತ್ತದೆ.

ಈ ಏರ್ಪಾಡು ಶಾಲಾ ಪಠ್ಯಕ್ಕೆ ಸಾಕಾಯಿತು. ಮೈಸೂರಿನ ಸರಕಾರಿ ಬ್ರೈಲ್ ಮುದ್ರಣಾಲಯ ಪಠ್ಯಪುಸ್ತಕ ಒದಗಿಸಿತು. ಮಂಗಳೂರಿನ ರೋಮನ್ ಆ್ಯಂಡ್ ಕ್ಯಾಥರಿನ್ ಲೋಬೊ ಶಾಲೆಯಂಥ ಕಡೆಗಳಲ್ಲಿ ಕರಾವಳಿಯ ದೃಷ್ಟಿಹೀನ ಮಕ್ಕಳು ಓದು ಕಲಿತರು. ಆದರೆ ಕಾಲೇಜಿಗೆ ಬಂದಾಗ ಪುಸ್ತಕಗಳ ಸಂಖ್ಯೆ ಹೆಚ್ಚುತ್ತದೆ, ಒಂದೊಂದು ಪುಸ್ತಕದ ಬ್ರೈಲ್ ಪ್ರತಿ ಹಲವು ದಪ್ಪ ಸಂಪುಟಗಳಾಗುತ್ತದೆ, ಪಠ್ಯಕ್ರಮ ಕೆಲವೇ ವರ್ಷಗಳಲ್ಲಿ ಬದಲಾಗುತ್ತದೆ. ಹಾಗಾಗಿ ಪದವಿ ಮಟ್ಟದಲ್ಲಿ ಓದು ನಡೆದದ್ದು ಸಹಪಾಠಿಗಳು ಓದಿ ಹೇಳಿದ್ದನ್ನು ಕೇಳಿ, ಕ್ಯಾಸೆಟ್ಟಿಗೆ ತುಂಬಿಸಿಕೊಂಡು, ಪರೀಕ್ಷೆಯಲ್ಲಿ ಬರಹಗಾರರ ಕೈಯಿಂದ ಬರೆಸಿ. ಓದುವ ಹೊತ್ತು, ಓದುವ ವೇಗ, ಯಾವ ಪುಟ ಎನ್ನುವುದೆಲ್ಲ ಇನ್ನೊಬ್ಬರ ಬಿಡುವಿಗೆ ಕಟ್ಟುಬಿದ್ದಿತ್ತು. ಆ ಸಹಪಾಠಿಗಳ ಉಪಕಾರ ದೊಡ್ಡದು. ಆದರೂ ಸ್ವಂತ ಓದು ಎಂಬುದು ಬೇರೆಯೇ ಸಂಗತಿ.

ಗ್ರಂಥವಿದ್ದೂ ಓದು ಇಲ್ಲದ ಸ್ಥಿತಿ ಈ ಸೀಮೆಗೆ ಹೊಸತಲ್ಲ. ಬೆಳ್ತಂಗಡಿಯ ನೆರೆಯ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನಾಗಮ ವ್ಯಾಖ್ಯಾನಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಇದ್ದವು. ಭಾಷೆ ಪ್ರಾಕೃತ-ಸಂಸ್ಕೃತ, ಲಿಪಿ ಹಳಗನ್ನಡದ್ದು. ದೂರದ ಊರುಗಳಿಂದ ಯಾತ್ರಿಕರು ಬಂದು ಅವುಗಳ ದರ್ಶನ ಮಾಡಿ ಹೋಗುತ್ತಿದ್ದರು, ಓದುವವರಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ತೆಗೆಯುವ ಕೆಲಸ ಶುರುವಾಗಿ, ಕನ್ನಡಕ್ಕೂ ನಾಗರಿಗೂ ಇಳಿದು, 1939ರಲ್ಲಿ ಹೀರಾಲಾಲ್ ಜೈನ್ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು. ಗರಿಯ ಮೇಲಿನ ಆಕಾರವನ್ನು ಬಲ್ಲವರು ಅಕ್ಷರ ಅಕ್ಷರವಾಗಿ ಇನ್ನೊಂದು ಮಾಧ್ಯಮಕ್ಕೆ ದಾಟಿಸಿದ ಮೇಲೆಯೇ ಅದು ವಿದ್ವಾಂಸರ ಕೈಗೆ ಸಿಕ್ಕಿದ್ದು. ಇಪ್ಪತ್ತೊಂದನೆಯ ಶತಮಾನದಲ್ಲಿ ವಿಶ್ವವಿದ್ಯಾಲಯಗಳ ಜಾಲತಾಣಗಳಿಗೆ ಏರಿದ ಸ್ಕ್ಯಾನ್ ಪುಟಗಳಿಗೂ ಇದೇ ದಾಟುವಿಕೆ ಬೇಕಾಯಿತು.

ಅದಕ್ಕೆ ಮುಂಚೆ ಫಾಂಟುಗಳ ಸಮಸ್ಯೆ. ಕರಾವಳಿಯಲ್ಲಿ ಕನ್ನಡ ಮುದ್ರಣಕ್ಕೆ ಹಳೆಯ ಬೇರಿದೆ: ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯ 1841ರಲ್ಲಿ ಆರಂಭವಾಯಿತು, 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಹೊರಬಂತು, 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾಯಿತು. ಅಚ್ಚುಮೊಳೆಯ ಕಾಲದಲ್ಲಿ ಕನ್ನಡದ ಅಕ್ಷರವನ್ನು ತುಂಡು ತುಂಡಾಗಿ ಜೋಡಿಸುವುದು ರೂಢಿ: ಅಕ್ಷರದ ಒಡಲು, ತಲೆಕಟ್ಟು, ಕೊಂಬು, ಒತ್ತು. 1990ರ ದಶಕದಲ್ಲಿ ಡಿಟಿಪಿ ಬಂದಾಗ ಇದೇ ವಿಧಾನ ಕಂಪ್ಯೂಟರಿಗೂ ಬಂತು. ಅಂದಿನ ಕಂಪ್ಯೂಟರಿನಲ್ಲಿ ಒಂದು ಫಾಂಟಿಗೆ 256 ಮನೆಗಳಷ್ಟೇ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಆ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ಪರದೆಯ ಮೇಲೆ, ಕಾಗದದ ಮೇಲೆ ಅಚ್ಚುಕಟ್ಟಾದ ಕನ್ನಡ ಕಾಣಿಸಿತು. ಒಳಗೆ ಇದ್ದದ್ದು ಮಾತ್ರ ಕನ್ನಡವಾಗಿರಲಿಲ್ಲ.

‘ಕನ್ನಡ’ ಎಂಬ ಪದವನ್ನೇ ನೋಡಬಹುದು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಕ ಅಕ್ಷರದ ಒಡಲು ಇಂಗ್ಲಿಷಿನ ದೊಡ್ಡ ‘ಪಿ’ಯ ಮನೆಯಲ್ಲಿತ್ತು, ತಲೆಕಟ್ಟು ಫ್ರೆಂಚರು ಬಳಸುವ ಓರೆಗೀಟಿನ ‘ಎ’ ಮನೆಯಲ್ಲಿ. ನ ಅಕ್ಷರದ ಒಡಲು ಬ್ರಿಟಿಷ್ ಪೌಂಡ್ ನಾಣ್ಯದ ಗುರುತಿನ ಜಾಗದಲ್ಲಿ, ನ ಒತ್ತು ಜರ್ಮನರ ಜೋಡಿ ‘ಎಸ್’ ಜಾಗದಲ್ಲಿ, ಡ ಅಕ್ಷರದ ಒಡಲು ಸಣ್ಣ ‘ಕ್ಯೂ’ ಜಾಗದಲ್ಲಿ. ಮೂರಕ್ಷರದ ಪದ ಒಳಗೆ ಏಳು ಪರಕೀಯ ಚಿಹ್ನೆಗಳ ಸಾಲು. ಕಣ್ಣಿರುವವರಿಗೆ ಇದು ತಿಳಿಯುತ್ತಲೇ ಇರಲಿಲ್ಲ. ಸ್ಕ್ರೀನ್ ರೀಡರ್‌ಗೆ ಸಿಗುತ್ತಿದ್ದದ್ದು ಈ ಏಳು ಚಿಹ್ನೆಗಳೇ. ಅದು ಪಿ, ಎ, ಪೌಂಡ್ ಎಂದು ಓದುತ್ತಾ ಹೋಗುತ್ತಿತ್ತು. ಅನುಕ್ರಮದ ತೊಡಕು ಬೇರೆ. ‘ಸೂರ್ಯ’ ಎನ್ನುವಾಗ ರೇಫ ಬಾಯಿಗೆ ಮೊದಲು ಬರುತ್ತದೆ, ಅರ್ಕಾವೊತ್ತು ಕಣ್ಣಿಗೆ ಕೊನೆಯಲ್ಲಿ ಕಾಣುತ್ತದೆ. ಆಕಾರಕ್ಕಾಗಿ ಮಾಡಿದ ಫಾಂಟು ಕಣ್ಣಿನ ಕ್ರಮವನ್ನೇ ಉಳಿಸಿಕೊಂಡಿತ್ತು. ಸಂಸ್ಥೆಗೊಂದು ಫಾಂಟು, ಫಾಂಟಿಗೊಂದು ಮನೆಹಂಚಿಕೆ ಇದ್ದುದರಿಂದ ಒಂದಕ್ಕೆ ಬರೆದ ಪರಿಹಾರ ಇನ್ನೊಂದಕ್ಕೆ ಒದಗುತ್ತಿರಲಿಲ್ಲ. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಪೇಜ್‌ಮೇಕರ್‌ನಲ್ಲಿ ಸಿದ್ಧಪಡಿಸಿದ ಪುಸ್ತಕಗಳು, ಪಠ್ಯಕ್ರಮಗಳು, ಸುತ್ತೋಲೆಗಳು ಇದೇ ರೂಪದಲ್ಲಿ ಕಡತ ಸೇರಿದವು. ಜಾಲತಾಣ ಬಂದಾಗ ಪಿಡಿಎಫ್ ಆಗಿ ಹಾಗೆಯೇ ಮೇಲೇರಿದವು.

ಪರಿಹಾರದ ಸೂತ್ರ ಅಷ್ಟರಲ್ಲಾಗಲೇ ಸಿದ್ಧವಿತ್ತು ಎಂಬುದು ಈ ಚರಿತ್ರೆಯ ನೋವಿನ ಭಾಗ. ಭಾರತೀಯ ಭಾಷೆಗಳನ್ನು ಆಕಾರದ ಬದಲು ವರ್ಣದ ಆಧಾರದಲ್ಲಿ ಸಂಗ್ರಹಿಸುವ ಇಸ್ಕಿ ಮಾನಕ 1988ರಲ್ಲಿ ರೂಪುಗೊಂಡು 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಅಂಗೀಕಾರ ಪಡೆದಿತ್ತು. ಅದೇ 1991ರಲ್ಲಿ ಬಂದ, ಲಿಪಿಗಳ ಜಾಗತಿಕ ಮಾನಕವಾದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿ ಸಿಕ್ಕಿತು. ಅಲ್ಲಿ ‘ಕನ್ನಡ’ ಎಂದರೆ ಕ, ನ, ಹಲಂತ ಚಿಹ್ನೆ, ನ, ಡ. ಐದೇ ಸಂಕೇತ, ಐದೂ ಕನ್ನಡದವು, ಉಚ್ಚಾರದ ಕ್ರಮದಲ್ಲೇ. ಭಾರತಿ ಬ್ರೈಲ್ ನಾಲ್ಕು ದಶಕ ಮುಂಚೆ ಹಿಡಿದ ದಾರಿಯೂ ಇದೇ. ಆದರೆ ಸಂಕೇತಗಳ ಸಾಲನ್ನು ಗುಣಿತ-ಒತ್ತುಗಳಾಗಿ ಜೋಡಿಸಿ ತೋರಿಸುವ ಶಕ್ತಿ ಸಾಮಾನ್ಯ ಕಂಪ್ಯೂಟರಿಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ನಡುವಿನ ಹತ್ತು ವರ್ಷಗಳಲ್ಲೇ ಕನ್ನಡದ ಕಚೇರಿಗಳು, ಮುದ್ರಣಾಲಯಗಳು ಕಂಪ್ಯೂಟರಿಗೆ ಹೊಕ್ಕವು. 1996ರಲ್ಲಿ ಯು.ಬಿ. ಪವನಜ ಅವರು ಕನ್ನಡದ ಮೊದಲ ಅಂತರಜಾಲ ಪತ್ರಿಕೆ ‘ವಿಶ್ವಕನ್ನಡ’ ಆರಂಭಿಸಿದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಕನ್ನಡವನ್ನು ಮನೆಮನೆಯ ಕಂಪ್ಯೂಟರಿಗೆ ತಂದವರು ಇವರೇ. ಆಕಾರದ ಫಾಂಟು ಅಂದಿನ ಅನಿವಾರ್ಯವಾಗಿತ್ತು. ಅನಿವಾರ್ಯ ಕಳೆದ ಮೇಲೂ ಅದನ್ನು ಬಿಡಲು ಕಚೇರಿಗಳು ತೆಗೆದುಕೊಂಡ ದೀರ್ಘ ಕಾಲಕ್ಕೆ ಮಾತ್ರ ಸಮಜಾಯಿಷಿ ಇಲ್ಲ.

ಧ್ವನಿಯ ಕ್ರಮದಲ್ಲೇ ಕನ್ನಡ ಒತ್ತುವ ಅಭ್ಯಾಸ ಬೆಳೆಯಲು ಕಾರಣರಾದವರಲ್ಲಿ ಮುಖ್ಯರು ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್. ಮುದ್ರಣ ತಂತ್ರಜ್ಞಾನದಲ್ಲಿ ಪಳಗಿದ್ದ ಅವರ ಕೀಲಿಮಣೆ ವಿನ್ಯಾಸದಲ್ಲಿ ವ್ಯಂಜನ ಒತ್ತಿ ಸ್ವರ ಒತ್ತಿದರೆ ಗುಣಿತ. ನಡುವೆ ಕೊಂಡಿಯ ಕೀಲಿ ಒತ್ತಿದರೆ ಒತ್ತಕ್ಷರ. ಅಕ್ಷರದ ತುಂಡುಗಳ ಜಾಗವನ್ನು ನೆನಪಿಡುವ ಹೊರೆ ಇಲ್ಲ. ಈ ವಿನ್ಯಾಸದ ತಂತ್ರಾಂಶಕ್ಕೆ ಅವರು ತಮ್ಮ ಸೀಮೆಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದು ಹೆಸರಿಟ್ಟು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಅದೇ ವಿನ್ಯಾಸವನ್ನು ರಾಜ್ಯ ಸರಕಾರ ಅಧಿಕೃತ ಕೀಲಿಮಣೆಯಾಗಿ ಒಪ್ಪಿತು. ಪರದೆ ಕಾಣದೆ ಟೈಪ್ ಮಾಡುವವರಿಗೆ ಇದು ಸಹಜವಾಗಿ ಒಗ್ಗುತ್ತದೆ: ನುಡಿದ ಕ್ರಮದಲ್ಲೇ ಬೆರಳು ಚಲಿಸಿದರಾಯಿತು.

ಯುನಿಕೋಡ್ ಕನ್ನಡದ ಮೊದಲ ದೊಡ್ಡ ಸಾರ್ವಜನಿಕ ಕಣಗಳಲ್ಲೊಂದು 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ. 2009ರಲ್ಲಿ ಕರ್ನಾಟಕ ಜ್ಞಾನ ಆಯೋಗದ ಯೋಜನೆಯಾಗಿ, ಬೆಂಗಳೂರಿನ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಸಹಯೋಗದಲ್ಲಿ ‘ಕಣಜ’ ಬಂತು. ವಿದ್ಯಾಸಂಸ್ಥೆಯೊಂದು ಕನ್ನಡದ ಜ್ಞಾನಕೋಶವನ್ನು ಯುನಿಕೋಡ್‌ನಲ್ಲೇ ಕಟ್ಟಿದ್ದರಿಂದ ಅದರ ಲೇಖನಗಳು ಸ್ಕ್ರೀನ್ ರೀಡರ್‌ಗೂ ನಿಲುಕಿದವು. ಆಡಳಿತದ ಮಟ್ಟದಲ್ಲಿ ತಿರುವು ತಂದದ್ದು ಕುವೆಂಪು ವಿಶ್ವವಿದ್ಯಾಲಯದ ನಿವೃತ್ತ ಕುಲಪತಿ ಕೆ. ಚಿದಾನಂದ ಗೌಡರ ಅಧ್ಯಕ್ಷತೆಯ ಕನ್ನಡ ತಂತ್ರಾಂಶ ಸಮಿತಿ. ಯುನಿಕೋಡ್ ಫಾಂಟುಗಳು, ಹಳೆಯ ಫಾಂಟುಗಳಿಂದ ಯುನಿಕೋಡ್‌ಗೆ ದಾಟಿಸುವ ಪರಿವರ್ತಕ, ಮೊಬೈಲಿಗೆ ಕನ್ನಡ, ಇವುಗಳ ಸಾಲಿನಲ್ಲೇ ಕನ್ನಡ ಬ್ರೈಲ್ ತಂತ್ರಾಂಶವನ್ನೂ ಆ ಸಮಿತಿ ಸೇರಿಸಿಕೊಂಡಿತ್ತು. ದೃಷ್ಟಿಹೀನ ಓದುಗರನ್ನು ಕೊನೆಗೆ ನೆನಪಾದವರಂತೆ ಕಾಣದೆ, ಭಾಷಾ ತಂತ್ರಜ್ಞಾನದ ಮೂಲಪಟ್ಟಿಯಲ್ಲೇ ಇಟ್ಟದ್ದು ಗಮನಿಸಬೇಕಾದ ನಡೆ.

ಪಠ್ಯ ಸಿದ್ಧವಾದರೆ ಅದನ್ನು ನುಡಿಯುವ ಧ್ವನಿ ಬೇಕು. ಅಮೆರಿಕದ ಜಾಸ್ ಎಂಬ ಸ್ಕ್ರೀನ್ ರೀಡರ್ 1989ರಿಂದಲೂ ಇದ್ದರೂ ಅದರ ಬೆಲೆ ಹಳ್ಳಿಯ ಕಾಲೇಜಿಗೆ ನಿಲುಕುವಂಥದ್ದಾಗಿರಲಿಲ್ಲ. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಬರೆಯತೊಡಗಿದರು. ಜೇಮ್ಸ್ ಟೆ ಜೊತೆಯಾದರು. ಇಬ್ಬರೂ ದೃಷ್ಟಿಯಿಲ್ಲದವರು. ಅದರೊಳಗಿನ ಧ್ವನಿಯಂತ್ರ ಬ್ರಿಟನ್ನಿನ ಜೊನಾಥನ್ ಡಡಿಂಗ್ಟನ್ ರಚಿಸಿದ ಇಸ್ಪೀಕ್. ಮುಕ್ತ ತಂತ್ರಾಂಶವಾದ್ದರಿಂದ ಯಾವ ಭಾಷೆಯವರೂ ತಮ್ಮ ಉಚ್ಚಾರಣಾ ನಿಯಮಗಳನ್ನು ಸೇರಿಸಬಹುದಿತ್ತು, ಕನ್ನಡವೂ ಸೇರಿತು. ಇಸ್ಪೀಕ್ ಕನ್ನಡ ಲೋಹದ ಧ್ವನಿಯದು, ಮೊದಲು ಕೇಳಿದವರಿಗೆ ಕರ್ಕಶ. ರೂಢಿಯಾದವರು ಅದನ್ನೇ ಮೆಚ್ಚುತ್ತಾರೆ, ಏಕೆಂದರೆ ವೇಗವನ್ನು ಎಷ್ಟು ಏರಿಸಿದರೂ ಅಕ್ಷರ ಕಲಸಿಹೋಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ಮಾನವ ಕಂಠಕ್ಕೆ ಹತ್ತಿರವಾದ ಕನ್ನಡ ಧ್ವನಿಯನ್ನು ಕಟ್ಟಿತು. ಆಂಡ್ರಾಯ್ಡ್ ಫೋನುಗಳಲ್ಲಿ ಅವುಗಳದೇ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಜೊತೆ ಕನ್ನಡ ಧ್ವನಿ ಬಂದ ಮೇಲೆ ಕಂಪ್ಯೂಟರ್ ಇಲ್ಲದ ಮನೆಗಳಿಗೂ ಓದು ತಲುಪಿತು. ಚಾರ್ಮಾಡಿ ಘಾಟಿಯ ಬುಡದ ಹಳ್ಳಿಗಳಲ್ಲಿ ಜಾಲತಾಣ ಎಂದರೆ ಬಹುತೇಕ ಫೋನೇ. ಅಲ್ಲಿ ನೆಟ್‌ವರ್ಕ್ ಬಂದು ಹೋಗುವಂಥದ್ದಾದ್ದರಿಂದ ಭಾರದ ಚಿತ್ರಗಳಿಂದ ತುಂಬಿದ ಪುಟ ಕಾಣುವವರಿಗೂ ಕಾಣದವರಿಗೂ ಒಂದೇ ಸಮ ತಡವಾಗುತ್ತದೆ. ಪಠ್ಯವಾಗಿ ಬರೆದ ಪುಟ ಇಬ್ಬರಿಗೂ ಬೇಗ ತೆರೆಯುತ್ತದೆ.

ಧ್ವನಿ ಬಂದ ಮೇಲೆ ಕಣ್ಣಿಗೆ ಅಡಗಿದ್ದ ತಪ್ಪುಗಳು ಕೇಳಿಸತೊಡಗಿದವು. ಟೈಪಿಸುವವರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಒತ್ತುವ ರೂಢಿ ಇತ್ತು. ಎರಡೂ ಒಂದು ದುಂಡು ಆಕಾರ, ಕರಡು ತಿದ್ದುವವರ ಕಣ್ಣಿಗೆ ವ್ಯತ್ಯಾಸವಿಲ್ಲ. ಸ್ಕ್ರೀನ್ ರೀಡರ್ ಮಾತ್ರ ‘ಅಂಕ’ ಎಂಬುದನ್ನು ಅ, ಸೊನ್ನೆ, ಕ ಎಂದು ಒಡೆದು ಓದುತ್ತದೆ. ಹುಡುಕು ಯಂತ್ರಕ್ಕೂ ಆ ಪದ ಸಿಗುವುದಿಲ್ಲ. ಪರಿವರ್ತಕದಿಂದ ಬಂದ ಪಠ್ಯದಲ್ಲಿ ದೀರ್ಘ ಕಳಚಿಕೊಳ್ಳುವುದು, ಒತ್ತು ಬೇರೆ ಅಕ್ಷರಕ್ಕೆ ಅಂಟುವುದು, ಅರ್ಕಾವೊತ್ತು ಪಲ್ಲಟವಾಗುವುದು ಇವೂ ಇದ್ದವು. ಇಂಥ ಕರಡನ್ನು ತಿದ್ದಲು ಕನ್ನಡ ಬಲ್ಲವರೇ ಕೂರಬೇಕು. ದುಬಾರಿ ತಂತ್ರಾಂಶ ಕೊಳ್ಳುವುದಕ್ಕಿಂತ ಈ ತಾಳ್ಮೆಯ ಕೆಲಸಕ್ಕೆ ಜನರನ್ನು ನೇಮಿಸುವುದೇ ವಿಶ್ವವಿದ್ಯಾಲಯದ ಯೋಜನೆಗಳಿಗೆ ಹೆಚ್ಚು ಫಲ ಕೊಡುತ್ತದೆ.

ಹಳೆಯ ಪುಸ್ತಕಗಳ ವಿಷಯದಲ್ಲಿ ಮಾದರಿ ಎನ್ನಬಹುದಾದದ್ದು ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶ. 1969ರಲ್ಲಿ ಮೊದಲ ಸಂಪುಟ ಬಂದು ಹದಿನಾಲ್ಕು ಸಂಪುಟಗಳವರೆಗೆ ಬೆಳೆದ ಈ ಕೋಶದ ಸಂಪುಟಗಳನ್ನು ವಿಶ್ವವಿದ್ಯಾಲಯ 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತವಾಗಿಸಿತು. ಯುನಿಕೋಡ್‌ಗೆ ಇಳಿದ ಲೇಖನಗಳು ವಿಕಿಸೋರ್ಸ್ ಸೇರಿದವು. ಪರವಾನಗಿ ಮುಕ್ತವಾದ್ದರಿಂದ ಯಾರು ಬೇಕಾದರೂ ಅದನ್ನು ಬ್ರೈಲ್ ಮಾಡಬಹುದು, ಧ್ವನಿಪುಸ್ತಕ ಮಾಡಬಹುದು, ಅಕ್ಷರ ದೊಡ್ಡದು ಮಾಡಿ ಅಚ್ಚು ಹಾಕಬಹುದು. ಒಬ್ಬೊಬ್ಬರೂ ಅನುಮತಿ ಕೇಳಿ ಕಾಯಬೇಕಿಲ್ಲ. ಸ್ಕ್ಯಾನ್ ಚಿತ್ರವಾಗಿಯೇ ಉಳಿದ ಪುಸ್ತಕಗಳಿಗೆ ಅಕ್ಷರ ಗುರುತಿಸುವ ತಂತ್ರಾಂಶ ಬೇಕು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ಒಂದು ಸಣ್ಣ ಸೀಳಿನಲ್ಲಿ ಪ-ಷ, ಒಂದು ಗೀಟಿನಲ್ಲಿ ದ-ಧ ಬದಲಾಗುವುದರಿಂದ ಕನ್ನಡಕ್ಕೆ ಇದು ಕಷ್ಟದ ಕೆಲಸವಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ‘ಲಿಪಿಜ್ಞಾನಿ’, ಮುಕ್ತ ತಂತ್ರಾಂಶವಾದ ಟೆಸೆರಾಕ್ಟ್, ಗೂಗಲ್‌ನ ಸೇವೆ ಇವುಗಳಿಂದ ಅಚ್ಚಾದ ಕನ್ನಡ ಪುಟವನ್ನು ಪಠ್ಯವಾಗಿಸುವುದು ಈಗ ಸಾಧ್ಯ. ಅಂಕಪಟ್ಟಿ, ವೇಳಾಪಟ್ಟಿಯಂಥ ಕೋಷ್ಟಕಗಳಲ್ಲಿ ಮಾತ್ರ ಸಾಲು ಕಂಬಗಳ ಸಂಬಂಧ ಕಳೆದುಹೋಗುತ್ತದೆ. ಯಾವ ಅಂಕ ಯಾವ ವಿಷಯದ್ದು ಎಂದು ತಿಳಿಯದ ಓದಿನಿಂದ ಪ್ರಯೋಜನವಿಲ್ಲದ್ದರಿಂದ ಅವನ್ನು ಮೊದಲೇ ಸರಿಯಾದ ಕೋಷ್ಟಕವಾಗಿ ಬರೆಯುವುದೊಂದೇ ದಾರಿ.

ಕಾನೂನು ಈ ಕೆಲಸದ ಹಿಂದೆ ಬಂತು. ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ 1997ರಲ್ಲಿ ಜಾಲ ಎಲ್ಲರಿಗೂ ನಿಲುಕುವಂತಾಗಲೆಂದೇ ಘಟಕ ತೆರೆದು 1999ರಲ್ಲಿ ಮೊದಲ ಮಾರ್ಗಸೂಚಿ, 2008ರಲ್ಲಿ ಎರಡನೆಯದು ಹೊರಡಿಸಿತು. ಪುಟ ಗ್ರಹಿಸುವಂತಿರಬೇಕು, ನಡೆಸುವಂತಿರಬೇಕು, ಅರ್ಥವಾಗುವಂತಿರಬೇಕು, ಬೇರೆ ಬೇರೆ ಸಲಕರಣೆಗಳಲ್ಲಿ ಮುರಿಯದೆ ನಿಲ್ಲಬೇಕು ಎಂಬ ನಾಲ್ಕು ತತ್ವಗಳು ಅಲ್ಲಿಂದ ಬಂದವು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಹೊಳಪಿನ ಅಂತರ ಬೇಕೆಂಬ ಅಳತೆಯೂ ಅಲ್ಲಿಯದೇ. ಭಾರತ ಸರಕಾರ 2009ರಲ್ಲಿ ತನ್ನ ಜಾಲತಾಣಗಳಿಗೆ ಮಾರ್ಗಸೂಚಿ ಹೊರಡಿಸಿತು. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2007ರಲ್ಲಿ ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿದ ಬಳಿಕ ಬಂದ 2016ರ ಹಕ್ಕುಗಳ ಕಾಯ್ದೆ 21ನ್ನು ಗುರುತಿಸಿತು, ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು ಮೀಸಲಿಟ್ಟಿತು, 42ನೇ ಕಲಮಿನಲ್ಲಿ ವಿದ್ಯುನ್ಮಾನ ಮಾಹಿತಿ ಎಲ್ಲರಿಗೂ ನಿಲುಕಬೇಕೆಂದಿತು. 2022ರಲ್ಲಿ ಯುಜಿಸಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆಂದೇ ನಿಲುಕುವಿಕೆಯ ಮಾರ್ಗಸೂಚಿ ಪ್ರಕಟಿಸಿತು. ಪುಸ್ತಕಗಳ ಹಕ್ಕುಸ್ವಾಮ್ಯದ ಬೇಲಿಯೂ ಸಡಿಲವಾಯಿತು: 2012ರ ತಿದ್ದುಪಡಿ ವಿಶೇಷಚೇತನರಿಗಾಗಿ ಪ್ರತಿ ಮಾಡಲು ಅವಕಾಶ ಕೊಟ್ಟಿತು, 2013ರ ಮರಕೇಶ್ ಒಪ್ಪಂದವನ್ನು ಮೊದಲು ಅನುಮೋದಿಸಿದ ದೇಶ ಭಾರತವೇ, 2016ರಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ತೆರೆಯಿತು.

ಈ ನಿಯಮಗಳು ಸಲಹೆಯೋ ಕಟ್ಟಳೆಯೋ ಎಂಬ ಪ್ರಶ್ನೆ ಬಹಳ ಕಾಲ ತೂಗಾಡಿತು. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, 2016ರ ಕಾಯ್ದೆಯಡಿ ರೂಪಿಸಿದ 2017ರ ನಿಯಮಾವಳಿಯ 15ನೇ ನಿಯಮ ಕಡ್ಡಾಯದ ಬದಲು ಶಿಫಾರಸಿನ ಧಾಟಿಯಲ್ಲಿರುವುದು ಮೂಲ ಕಾಯ್ದೆಗೇ ವಿರುದ್ಧ ಎಂದು ತೀರ್ಪಿತ್ತು, ಕಡ್ಡಾಯ ಮಾನಕಗಳನ್ನು ಮೂರು ತಿಂಗಳೊಳಗೆ ರೂಪಿಸಲು ಸರಕಾರಕ್ಕೆ ಹೇಳಿತು. 2025ರ ಏಪ್ರಿಲ್ 30ರ ಪ್ರಜ್ಞಾ ಪ್ರಸೂನ್ ತೀರ್ಪಿನಲ್ಲಿ ಡಿಜಿಟಲ್ ಸೇವೆ ನಿಲುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದಿತು. ಕಾನೂನಿನ ಒತ್ತಡ ತಪ್ಪು ದಿಕ್ಕಿಗೂ ತಿರುಗಬಹುದು ಎಂಬುದಕ್ಕೆ ಅಮೆರಿಕದ ಬರ್ಕ್ಲಿ ಸಾಕ್ಷಿ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಆ ಕೇಂದ್ರ ಜಾಲದಲ್ಲಿ ಹಾಕಿದ್ದ ಉಪನ್ಯಾಸಗಳಿಗೆ ಸರಿಯಾದ ಅಡಿಬರಹಗಳಿಲ್ಲ ಎಂದು ಕಿವುಡರ ಸಂಘ ದೂರಿತ್ತು. 2016ರಲ್ಲಿ ನ್ಯಾಯ ಇಲಾಖೆ ಅದನ್ನು ಎತ್ತಿಹಿಡಿಯಿತು. ಸರಿಪಡಿಸುವ ಬದಲು ವಿಶ್ವವಿದ್ಯಾಲಯ 2017ರಲ್ಲಿ 20,000ಕ್ಕೂ ಹೆಚ್ಚು ಧ್ವನಿ, ವಿಡಿಯೊ ಕಡತಗಳನ್ನು ಸಾರ್ವಜನಿಕರಿಂದ ಹಿಂದೆಗೆಯಿತು. ಜ್ಞಾನಸಂಸ್ಥೆಯೊಂದು ತೆಗೆದುಕೊಳ್ಳಬಾರದಿದ್ದ ತೀರ್ಮಾನ ಅದು. ನಿಲುಕುವಿಕೆಯನ್ನು ಕೊನೆಗೆ ಸೇರಿಸಲು ಹೊರಟಾಗ ಖರ್ಚು ಬೆಟ್ಟವಾಗಿ ಕಾಣುತ್ತದೆ. ಉಪನ್ಯಾಸ ದಾಖಲಿಸುವ ದಿನವೇ ಬರಹರೂಪ ಸಿದ್ಧಪಡಿಸಿದ್ದರೆ ಆ ಬೆಟ್ಟ ಬೆಳೆಯುತ್ತಲೇ ಇರಲಿಲ್ಲ.

ಬೆಳ್ತಂಗಡಿ ತಾಲೂಕಿನಲ್ಲಿ ಈ ವಿಷಯಕ್ಕೆ ಇನ್ನೊಂದು ಗಂಭೀರ ಹಿನ್ನೆಲೆ ಇದೆ. ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಲಿನ ಗೇರು ತೋಟಗಳ ಮೇಲೆ ಗೇರು ಅಭಿವೃದ್ಧಿ ನಿಗಮ 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ದೇಶದಾದ್ಯಂತ ತಡೆಯಿತು. ಅಷ್ಟರಲ್ಲಿ ಈ ಊರುಗಳ ಅನೇಕ ಮನೆಗಳಲ್ಲಿ ಹುಟ್ಟಿನಿಂದಲೇ ಕೈಕಾಲು ಸ್ವಾಧೀನವಿಲ್ಲದ, ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳಿದ್ದರು. ಲಾಯಿಲದಲ್ಲಿ ವಿಶೇಷ ಮಕ್ಕಳಿಗಾಗಿ ದಯಾ ವಿಶೇಷ ಶಾಲೆ ನಡೆಯುತ್ತಿದೆ. ಇಲ್ಲಿ ಜಾಲತಾಣ ನಿಲುಕುವುದು ಎಂದರೆ ಸ್ಕ್ರೀನ್ ರೀಡರ್ ಒಂದೇ ಅಲ್ಲ. ನಡುಗುವ ಬೆರಳಿಗೆ ಒತ್ತುಗುಂಡಿ ದೊಡ್ಡದಿರಬೇಕು, ಗುಂಡಿಗಳ ನಡುವೆ ಅಂತರವಿರಬೇಕು, ಕೀಲಿಮಣೆಯಿಂದಲೇ ಎಲ್ಲ ಮುಗಿಯಬೇಕು. ನಿಧಾನವಾಗಿ ತುಂಬುವವರ ಅರ್ಜಿ ಅರ್ಧದಲ್ಲಿ ಅವಧಿ ಮುಗಿಯಿತೆಂದು ಅಳಿಸಿಹೋಗಬಾರದು. ಚಿತ್ರದೊಳಗಿನ ತಿರುಚಿದ ಅಕ್ಷರ ಗುರುತಿಸಿ ಎನ್ನುವ ಕ್ಯಾಪ್ಚಾಕ್ಕೆ ಬೇರೆ ದಾರಿ ಇರಬೇಕು. ಪಿಂಚಣಿಗೋ ವಿದ್ಯಾರ್ಥಿವೇತನಕ್ಕೋ ಮಗುವಿನ ಪರವಾಗಿ ಅರ್ಜಿ ತುಂಬುವುದು ಹೆಚ್ಚಾಗಿ ತಾಯಿ. ಅವರಿಗೆ ಬೇಕಾದದ್ದು ತಿಳಿಗನ್ನಡ. ಕಿವಿ ಕೇಳದ ವಿದ್ಯಾರ್ಥಿಗೆ ವಿಡಿಯೊ ಪಾಠದಲ್ಲಿ ಕನ್ನಡ ಅಡಿಬರಹ, ಸಂಜ್ಞಾಭಾಷೆಯ ಅನುವಾದ ಬೇಕು. ಈ ಬಗೆಯ ಕೆಲಸ ಆದದ್ದು ಅತಿ ಕಡಿಮೆ.

ವಿದ್ಯಾರ್ಥಿಗಳು ತಾವೇ ಕೈಜೋಡಿಸಿದ ಉದಾಹರಣೆಯೂ ಈ ಸೀಮೆಯಲ್ಲಿದೆ. ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಆಳ್ವಾಸ್, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜುಗಳ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯಕ್ಕೆ ಲೇಖನ ಸೇರಿಸಿದ್ದಾರೆ. ಯುನಿಕೋಡ್‌ನಲ್ಲಿ, ಶೀರ್ಷಿಕೆ ಉಪಶೀರ್ಷಿಕೆಗಳ ಸರಿಯಾದ ಗುರುತಿನೊಂದಿಗೆ ಬರೆಯುವುದನ್ನು ಆ ವೇದಿಕೆ ತಾನಾಗಿ ಕಲಿಸುತ್ತದೆ.

ಲಾಯಿಲದ ಬಹಳ ಮನೆಗಳ ಮಾತು ತುಳು. ತುಳು ವಿಕಿಪೀಡಿಯ 2016ರಲ್ಲಿ ಜೀವ ತಳೆಯಿತು, ಮಂಗಳೂರು ವಿಶ್ವವಿದ್ಯಾಲಯ ತುಳುವಿನಲ್ಲಿ ಸ್ನಾತಕೋತ್ತರ ಪದವಿ ಆರಂಭಿಸಿತು. ಈ ಪಠ್ಯಗಳೆಲ್ಲ ಕನ್ನಡ ಲಿಪಿಯಲ್ಲಿವೆ, ಆದ್ದರಿಂದ ಸ್ಕ್ರೀನ್ ರೀಡರ್ ಅವನ್ನು ಕನ್ನಡದ ಉಚ್ಚಾರಣೆಯಲ್ಲೇ ಓದುತ್ತದೆ. ಪದದ ಕೊನೆಯ ಅರ್ಧ ಉಕಾರವನ್ನು ಬರಹದಲ್ಲಿ ವ್ಯಂಜನಾಂತವಾಗಿ ತೋರಿಸುವುದರಿಂದ ಕನ್ನಡ ಧ್ವನಿ ಅದನ್ನು ನುಂಗುತ್ತದೆ. ‘ನಾನು ಹೋಗುತ್ತೇನೆ’, ‘ಅವನು ಹೋಗುತ್ತಾನೆ’ ಎರಡಕ್ಕೂ ಬರಹದಲ್ಲಿ ‘ಪೋಪೆ’. ಬಾಯಲ್ಲಿ ಕೊನೆಯ ಎಕಾರ ಬೇರೆ ಬೇರೆ, ಯಂತ್ರದಲ್ಲಿ ಒಂದೇ. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೆ ಸ್ವಂತ ಮನೆಗಳು ದೊರೆತಿವೆ. ಅದನ್ನು ತೋರಿಸುವ ಫಾಂಟು, ಒತ್ತುವ ಕೀಲಿಮಣೆ, ಓದುವ ತುಳು ಧ್ವನಿ, ಬೆರಳಿಗೆ ಮುಟ್ಟಿಸುವ ಬ್ರೈಲ್ ಕೋಷ್ಟಕ, ಈ ನಾಲ್ಕನ್ನೂ ಒಟ್ಟಿಗೇ ರೂಪಿಸುವ ಅವಕಾಶ ಕನ್ನಡಕ್ಕೆ 1991ರಲ್ಲಿ ಸಿಕ್ಕಿರಲಿಲ್ಲ. ತುಳುವಿಗೆ ಈಗ ಇದೆ.